ಜರಡಿಗೆ ಕಟ್ಟಿದ ಉಣ್ಣೆ ಎಳೆಗಳು

ಶಿರಾದ ಸಣ್ಣ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಮೊದಲು ವಿನ್ಯಾಸ ಮಾಡಿದ್ದು ಬಿತ್ತನೆ ಕಡಲೆಕಾಯಿ ಸುಲಿಯುವ ಯಂತ್ರವನ್ನು. ನಮ್ಮ ಕಡೆ ಬಿತ್ತನೆಯ ಕಾಯಿಯನ್ನು ಎಷ್ಟೋ ಮನೆಗಳಲ್ಲಿ ಈಗಲೂ ಕೈಯಲ್ಲೇ ಸುಲಿಯುತ್ತಾರೆ. ಬೀಜದ ಕೆಂಪು ಸಿಪ್ಪೆ ತರಚಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ. ಹುಲಿಕುಂಟೆಯ ಹೆಂಗಸರ ಸಂಘದಲ್ಲಿ ಒಂದು ದಿನದ ಪರೀಕ್ಷೆ ಇತ್ತು. ಅಲ್ಲಿ ಕೆಟ್ಟು ನಿಂತರೆ ಈ ಯಂತ್ರದ ಸುದ್ದಿಯೇ ಬೇಡ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ನನಗೆ ಹೆದರಿಕೆ ಇರಲಿಲ್ಲ. ಹಳೆಯ ಮಾದರಿಯ ಬಿಡಿಭಾಗಗಳಲ್ಲಿ ಅರ್ಧಕ್ಕರ್ಧ ತೆಗೆದುಹಾಕಿ, ಕಾಯಿ ಉಜ್ಜಿ ಸುಲಿಯುವ ಜರಡಿಯನ್ನೂ ಚೌಕಟ್ಟನ್ನೂ ಸೇರಿಸಿ ಒಂದೇ ತುಂಡಾಗಿ ವೆಲ್ಡಿಂಗ್ ಮಾಡಿಸಿದ್ದೆ. ಭಾಗ ಕಡಿಮೆಯಾದರೆ ಜಟಿಲತೆಯೂ ಕಡಿಮೆಯಾಯಿತೆಂದು ಬೀಗುತ್ತಿದ್ದೆ.

ನಮ್ಮ ಹಿರಿಯ ಫಿಟ್ಟರ್ ಹುಲಿಕುಂಟೆಯ ಕುರಿ ಸಾಕುವ ಮನೆಯವರು, ಅವರ ತಾಯಿ ಕಂಬಳಿ ನೇಯುತ್ತಿದ್ದವರು. ಅವರು ನನ್ನ ಡ್ರಾಯಿಂಗನ್ನು ಪಕ್ಕಕ್ಕಿಟ್ಟು ಜೇಬಿನಿಂದ ಕರಿ ಉಣ್ಣೆಯ ಉಂಡೆ ತೆಗೆದರು.

"ಜಲ್ಡಿ ಕೆಟ್ರೆ ಇನ್ನೇನೇನು ಬಿಚ್ಬೇಕು? ಒಂದೊಂದೇ ಹೇಳಮ್ಮ."

ನಾನು ಹೇಳುತ್ತಾ ಹೋದೆ, ಅವರು ಜರಡಿಯಿಂದ ಒಂದೊಂದು ಎಳೆ ಕಟ್ಟುತ್ತಾ ಹೋದರು. ಚೌಕಟ್ಟಿಗೆ, ಬೇರಿಂಗಿಗೆ, ಬೆಲ್ಟಿಗೆ, ಕೊನೆಗೆ ಮೋಟಾರಿಗೂ. ನನ್ನ ಅಚ್ಚುಕಟ್ಟಾದ ಯಂತ್ರ ಉಣ್ಣೆಯೊಳಗೆ ಮುಚ್ಚಿಹೋಯಿತು.

"ಸಾಮಾನು ಕಮ್ಮಿ ಮಾಡಿದ್ದೀಯ ಕಣಮ್ಮ, ಗಂಟು ಜಾಸ್ತಿ ಮಾಡ್ಬುಟ್ಟಿದ್ದೀಯ. ಮಗ್ಗದಾಗೆ ಒಂದೆಳೆ ಕಡಿದ್ರೆ ಒಂದೆಳೇನೇ ಕಟ್ತೀವಿ. ಕಂಬಳಿಯೆಲ್ಲ ಬಿಚ್ತೀವಾ?"

ಸಿಟ್ಟು ನೆತ್ತಿಗೇರಿತು. ಯಾವ ಭಾಗ ಯಾವುದಕ್ಕೆ ತಗುಲಿಕೊಂಡಿದೆ ಎಂದು ಚೌಕಗಳಲ್ಲಿ ಗುರುತು ಹಾಕಿ ಎಣಿಸುವುದನ್ನು ಕಾಲೇಜಿನಲ್ಲಿ ನನಗೂ ಕಲಿಸಿದ್ದರು. ಪೂರ್ತಿ ಅಂಕ ತೆಗೆದು ಅಲ್ಲಿಗೇ ಮರೆತಿದ್ದೆ. ಈ ಮನುಷ್ಯ ಯಾವ ತರಗತಿಗೂ ಹೋಗದೆ ಅದನ್ನೇ ಉಣ್ಣೆಯಲ್ಲಿ ಮಾಡಿ ತೋರಿಸಿದ್ದರು. ಮನೆಗೆ ಹೋದೆ. ಮರುದಿನ ಬಂದು ಜರಡಿಯನ್ನು ಬೇರೆ ಮಾಡಿ, ಕೈಯಲ್ಲೇ ತಿರುಗಿಸುವ ಎರಡು ನಟ್‌ಗಳಿಂದ ಕೂರಿಸಿದೆ. ಭಾಗಗಳು ಹೆಚ್ಚಾದವು. ಫಿಟ್ಟರ್ ಮತ್ತೆ ಎಳೆ ಕಟ್ಟಿದಾಗ ಉಳಿದದ್ದು ಆ ನಟ್‌ಗಳ ಎರಡೇ ಎಳೆ.

ಪರೀಕ್ಷೆಯ ದಿನ ಮಧ್ಯಾಹ್ನ ಕಾಯಿಯ ಜೊತೆ ಬಂದ ಕಲ್ಲೊಂದು ಸಿಕ್ಕಿಕೊಂಡು ಯಂತ್ರ ಕಿರುಚಿ ನಿಂತಿತು. ಮಾಲೀಕರು ನನ್ನ ಮುಖ ನೋಡಿದರು. ಫಿಟ್ಟರ್ ಸ್ಪ್ಯಾನರ್ ಹಿಡಿದು ಎದ್ದರು. ಅಷ್ಟರಲ್ಲಿ ಕಾಯಿ ಸುರಿಯುತ್ತಿದ್ದ ಸಂಘದ ಅಜ್ಜಿಯೊಬ್ಬರೇ ಸ್ವಿಚ್ ಆರಿಸಿ, ನಟ್ ತಿರುಗಿಸಿ, ಜರಡಿ ಎಳೆದು, ಕಲ್ಲು ಕೊಡವಿ, ಮತ್ತೆ ಕೂರಿಸಿಬಿಟ್ಟರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

"ಏನ್ಲಾ ನೋಡ್ತಾ ನಿಂತ್ಕಂಡೆ? ಸ್ವಿಚ್ ಹಾಕ್ಲಾ," ಎಂದು ತಮ್ಮೂರಿನ ಫಿಟ್ಟರನ್ನೇ ಗದರಿದರು.

ಯಂತ್ರ ಓಡಿತು. ಮಾಲೀಕರು "ಇದನ್ನೇ ಮಾಡೋಣ" ಅಂದರು. ಫಿಟ್ಟರ್ ಸ್ಪ್ಯಾನರನ್ನು ಜೇಬಿಗೆ ಇಳಿಸಿ ನನ್ನ ಪಕ್ಕ ಬಂದು ನಿಂತರು.

"ಇನ್ಮೇಲೆ ರಿಪೇರಿಗೆ ಇವ್ರು ನಮ್ಮನ್ನ ಕರೆಯಾಕಿಲ್ಲ ಬುಡಮ್ಮ."

ಅಷ್ಟು ಹೆಮ್ಮೆಯನ್ನು ಅವರ ಮುಖದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.