ಐದನೇ ಸಲ ಹಾಕುವ ಬಾಗಿಲು

ನಮ್ಮತ್ತೆ ಓಬಳಮ್ಮ ವಾರಕ್ಕೆರಡು ಸಲ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಕೊರೊನಾ ಬಂದು ಬಸ್ಸು ನಿಂತಾಗ ಡಾಕ್ಟರು ಅವರ ಹೊಟ್ಟೆಗೊಂದು ಸಣ್ಣ ನಳಿಕೆ ಕೂರಿಸಿ, ಮನೆಯಲ್ಲೇ ದಿನಕ್ಕೆ ನಾಲ್ಕು ಚೀಲ ದ್ರಾವಣ ಬದಲಿಸಿಕೊಳ್ಳುವುದನ್ನು ಕಲಿಸಿದರು. ಚೀಲ ಬದಲಿಸುವಾಗ ಮಾಸ್ಕ್ ಹಾಕಬೇಕು, ಬಾಗಿಲು ಮುಚ್ಚಬೇಕು, ಯಾರೂ ಒಳಗೆ ಬರಬಾರದು.

ಮೂರು ಮಗ್ಗ, ಒಂಬತ್ತು ಜನರ ಮನೆಯಲ್ಲಿದ್ದ ಒಂದೇ ಕೋಣೆ ಹೀಗೆ ಅತ್ತೆಯ ಪಾಲಾಯಿತು.

“ಲಾಳಿ ಎಲ್ಲೈತೆ?” ಎಂದು ಮಾವ ಮಗ್ಗದಿಂದ ಕೂಗಿದರೆ, “ಮಾತಾಡಿಸ್ಬ್ಯಾಡ್ರಿ, ಸೋಂಕು ತಗುಲ್ತೈತೆ!” ಎಂದು ಒಳಗಿನಿಂದ ಉತ್ತರ. ಮಾವ ತಮ್ಮ ಲಾಳಿಯನ್ನು ತಾವೇ ಹುಡುಕಿಕೊಂಡರು, ನಲವತ್ತು ವರ್ಷದಲ್ಲಿ ಮೊದಲ ಸಲ.

ಕೊರೊನಾ ಹೋಯಿತು, ಬಸ್ಸು ಬಂತು. ಮತ್ತೆ ಚಳ್ಳಕೆರೆಗೆ ಬರುತ್ತೀರಾ ಎಂದು ಡಾಕ್ಟರು ಕೇಳಿದರೆ ಅತ್ತೆ ಸುತರಾಂ ಒಪ್ಪಲಿಲ್ಲ.

ಸೊಸೆಯಾದ ನನಗೆ ಅನುಮಾನ ಬಂತು. ಒಂದು ದಿನ ಕೇಳಿಯೇಬಿಟ್ಟೆ: “ಅತ್ತೆ, ಚೀಲ ನಾಲ್ಕೇ ಅವೆ. ಬಾಗ್ಲು ಐದು ಸಲ ಯಾಕೆ ಹಾಕ್ತೀರಿ?”

“ಸುಮ್ನೆ ಕಾಲು ಚಾಚ್ಕಂಡು ಮಲಕ್ಕಂತೀನಿ,” ಎಂದರು, ನಾಚಿಕೆಯೇ ಇಲ್ಲದೆ.

ನನಗೆ ಉರಿದುಹೋಯಿತು. “ನಾಳೆಯಿಂದ ಐದನೇ ಸಲ ನಂದು,” ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊಸ ಮಾಸ್ಕ್ ಒಂದನ್ನು ಕೈಗಿಟ್ಟರು.

“ಇದ್ನ ಹಾಕ್ಕಂಡು ಹೋಗು. ಯಾರೂ ಏನೂ ಕೇಳಲ್ಲ.”