ಪುರವಣಿಯಲ್ಲಿ ಬಿಟ್ಟುಹೋದ ಕೊನೆಯ ಪ್ಯಾರಾ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ರಾಜಾಜಿನಗರದ ಒಂದು ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದೆ. ಕನ್ನಡ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನ ಕೆಲಸ. ಮುಂದಿನ ಭಾಗದಲ್ಲಿದ್ದ ಮನೆಯ ಯಜಮಾನರು ಭೌತವಿಜ್ಞಾನಿ. ವಿಶ್ವ ಒಂದು ಗಳಿಗೆಯಲ್ಲಿ ಸಿಡಿದು ಹುಟ್ಟಿತು ಎಂಬ ಸಿದ್ಧಾಂತವನ್ನು ಅವರು ಒಪ್ಪುತ್ತಿರಲಿಲ್ಲ. ವಿಶ್ವ ಯಾವಾಗಲೂ ಇತ್ತು, ಹಿಗ್ಗಿದಂತೆಲ್ಲ ಹೊಸ ದ್ರವ್ಯ ಹುಟ್ಟಿ ಖಾಲಿ ಜಾಗವನ್ನು ತುಂಬುತ್ತದೆ ಎಂಬುದು ಅವರ ವಾದ.

"ಇವತ್ತಿನ ಮೊಸರಿಗೆ ನಿನ್ನೆಯ ಹೆಪ್ಪು. ನಿನ್ನೆಯದಕ್ಕೆ ಮೊನ್ನೆಯದು. ಮೊದಲನೇ ಮೊಸರು ಯಾವುದು, ಹೇಳಯ್ಯ ನೋಡೋಣ," ಎಂದು ಒಮ್ಮೆ ನನ್ನನ್ನು ಕೇಳಿದರು.

ಒಳಗಿನಿಂದ ಅವರ ಹೆಂಡತಿಯೇ ಉತ್ತರ ಕೊಟ್ಟರು. "ನಾವು ಈ ಮನೆಗೆ ಬಂದ ದಿನ ಎದುರುಮನೆಯಿಂದ ಒಂದು ಲೋಟ ಇಸ್ಕೊಂಡು ಬಂದಿದ್ದೆ. ಅದೇ ಮೊದಲನೇದು!"

ಆ ವರ್ಷ ನಮ್ಮ ರಸ್ತೆಯ ಗಣೇಶನ ಪೆಂಡಾಲಿನಲ್ಲಿ ಭಾನುವಾರ ಸಂಜೆ ಅವರ ಭಾಷಣ. ಅದೇ ಬೆಳಗಿನ ಪುರವಣಿಗೆ ನಾನು ಅವರಿಂದ ಲೇಖನ ಬರೆಸಿದ್ದೆ. ಕೊಡುವಾಗ ಒಂದು ಮಾತು ಹೇಳಿದ್ದರು: "ಕೊನೇ ಪ್ಯಾರಾ ಜೋಪಾನ. ಅದು ನನ್ನ ವಿರುದ್ಧದ ಸಾಕ್ಷಿ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಭಾಷಣಕ್ಕೆ ಬರ್ತಾಳೆ. ಅವಳು ಸ್ಫೋಟದ ಪಕ್ಷ. ಅವಳ ಸಾಕ್ಷೀನ ನಾನೇ ಬರೀತೀನಿ, ಬಚ್ಚಿಡಲ್ಲ ಅಂತ ಮಾತು ಕೊಟ್ಟಿದೀನಿ."

ಪುಟ ಕಟ್ಟುವ ಮಧ್ಯಾಹ್ನ ಕೊನೆಗಳಿಗೆಯಲ್ಲಿ ಒಂದು ಜಾಹೀರಾತು ಬಂತು. "ಎಂಟು ಸಾಲು ಜಾಸ್ತಿ ಸಾರ್," ಎಂದರು ಫೋರ್‌ಮನ್. ನಾನು ಕೊನೆಯ ಪ್ಯಾರಾ ತೋರಿಸಿದೆ. ಸುದ್ದಿಮನೆಯಲ್ಲಿ ಮುಖ್ಯವಾದದ್ದನ್ನು ಮೊದಲು ಬರೆಯುತ್ತೇವೆ, ಜಾಗ ಸಾಲದಿದ್ದರೆ ಬಾಲದಿಂದ ಕತ್ತರಿಸುತ್ತೇವೆ. ಕೈ ಅಭ್ಯಾಸದಂತೆ ನಡೆದುಕೊಂಡಿತು.

ಭಾನುವಾರ ಬೆಳಿಗ್ಗೆ ಅವರು ಪತ್ರಿಕೆ ಹಿಡಿದು ನನ್ನ ಬಾಗಿಲಿಗೆ ಬಂದರು. ಬೈಯಲಿಲ್ಲ. "ಏನಪ್ಪಾ, ನನ್ನನ್ನ ಗೆಲ್ಲಿಸಿಬಿಟ್ಟಿದೀಯಲ್ಲ," ಎಂದರು. "ಆ ಹುಡುಗಿ ಏನಂದ್ಕೋತಾಳೆ? ಮೇಷ್ಟ್ರು ಹೆದರಿ ಮುಚ್ಚಿಟ್ರು ಅಂತ ತಾನೆ?"

ತಿದ್ದುಪಡಿ ಮರುದಿನವೇ ಹಾಕಬಹುದಿತ್ತು. ಭಾಷಣ ಮಾತ್ರ ಅಂದೇ ಸಂಜೆ. ಬಿಟ್ಟ ಪ್ಯಾರಾವನ್ನು ಚೀಟಿಯಾಗಿ ಅಚ್ಚು ಹಾಕಿಸಿ ತರುತ್ತೇನೆ, ರಸ್ತೆಯವರ ಪತ್ರಿಕೆಗಳಿಗೆ ಅಂಟಿಸೋಣ ಎಂದು ಹೇಳಿ, ಬಸ್ಸು ಹತ್ತಿ ಪ್ರೆಸ್ಸಿಗೆ ಹೋದೆ. ತೆಗೆದ ಸಾಲುಗಳ ಅಚ್ಚುಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕುವುದು ಸೋಮವಾರ. ಹಾಗಾಗಿ ಆ ಎಂಟು ಸಾಲು ದಾರ ಸುತ್ತಿಕೊಂಡು ಪುಟ ಕಟ್ಟುವ ಕಲ್ಲಿನ ಮೂಲೆಯಲ್ಲಿ ಹಾಗೇ ಕೂತಿದ್ದವು. ಫೋರ್‌ಮನ್ ನಗುತ್ತಾ ಮಸಿ ಸವರಿ, ಪ್ರೂಫ್ ಕಾಗದದ ಮೇಲೆ ಒಂದು ಕಟ್ಟು ಪ್ರತಿ ತೆಗೆದುಕೊಟ್ಟರು.

ನಾನು ಮನೆಗೆ ಬರುವಷ್ಟರಲ್ಲಿ ಯಜಮಾನರ ಹೆಂಡತಿ ಮೈದಾ ಅಂಟು ಕುದಿಸಿಟ್ಟಿದ್ದರು. ವಿಜ್ಞಾನಿಗಳು ಅಂಟಿನ ಪಾತ್ರೆ ಹಿಡಿದರು, ನಾನು ಚೀಟಿ ಹಿಡಿದೆ. ನಮ್ಮ ಪತ್ರಿಕೆ ತರಿಸುತ್ತಿದ್ದ ಮನೆಗಳ ಬಾಗಿಲು ತಟ್ಟಿ, ಲೇಖನದ ಕೆಳಗೆ ಜಾಹೀರಾತಿನ ಮೇಲೆಯೇ ಚೀಟಿ ಅಂಟಿಸುತ್ತಾ ಹೋದೆವು. ಒಂದು ಮನೆಯಲ್ಲಿ ಪುರವಣಿ ಆಗಲೇ ಅವಲಕ್ಕಿ ಡಬ್ಬದ ಅಡಿಗೆ ಹೋಗಿತ್ತು. ವಿಜ್ಞಾನಿಗಳು ಡಬ್ಬ ಎತ್ತಿಸಿ ಅಲ್ಲಿಯೇ ಅಂಟಿಸಿದರು.

"ಏನ್ ಮೇಷ್ಟ್ರೇ, ಗಣೇಶನ ಚಂದಾನಾ?" ಎಂದು ಆ ಮನೆಯಾಕೆ ಕೇಳಿದರು.

"ಅಲ್ಲಮ್ಮ. ನಾನು ಸೋಲಬಹುದು ಅನ್ನೋದಕ್ಕೆ ರಸೀದಿ."

ಸಂಜೆ ವಿದ್ಯಾರ್ಥಿನಿ ಜ್ಞಾನಭಾರತಿ ಕ್ಯಾಂಪಸ್ಸಿನಿಂದ ಬಂದಳು. ಕೈಯಲ್ಲಿ ಪುರವಣಿ, ಲೇಖನದ ಸುತ್ತ ಕೆಂಪು ಪೆನ್ಸಿಲ್ ಗೆರೆ, ಮುಖ ಬಿಗಿ. ವಿಜ್ಞಾನಿಗಳು ಉಳಿದ ಚೀಟಿಗಳಲ್ಲಿ ಒಂದನ್ನು ಕೊಟ್ಟರು. ಅವಳು ನಿಂತಲ್ಲೇ ಓದಿದಳು. ಆಕಾಶದ ಯಾವ ದಿಕ್ಕಿಗೆ ಆಂಟೆನಾ ತಿರುಗಿಸಿದರೂ ಒಂದೇ ಸಮನಾದ ಮಂದ ಸದ್ದು ಸಿಗುತ್ತದೆ; ಅದು ಆ ಸ್ಫೋಟದ ಉಳಿದ ಕಾವು ಎನ್ನುತ್ತಾರೆ; ಇದಕ್ಕೆ ನನ್ನಲ್ಲಿ ಇನ್ನೂ ತಕ್ಕ ಉತ್ತರವಿಲ್ಲ. ಚೀಟಿಯಲ್ಲಿದ್ದದ್ದು ಇಷ್ಟು.

"ಸಾರ್, ಇದನ್ನೇ ಕೇಳಿ ಜಗಳ ಆಡೋಣ ಅಂತ ಬಸ್ಸಲ್ಲೆಲ್ಲಾ ತಯಾರಿ ಮಾಡ್ಕೊಂಡು ಬಂದಿದ್ದೆ!"

"ಮೈಕಲ್ಲೇ ಆಡಮ್ಮ," ಎಂದು ತಮ್ಮ ಭಾಷಣದ ಅರ್ಧ ಹೊತ್ತನ್ನು ಅವಳಿಗೇ ಬಿಟ್ಟುಕೊಟ್ಟರು.

ಇಬ್ಬರ ವಾದವನ್ನೂ ಕೇಳಿದ ಗಣೇಶೋತ್ಸವ ಸಂಘದ ಅಧ್ಯಕ್ಷರು ಎದ್ದರು. ಜವಳಿ ವ್ಯಾಪಾರಿಗಳು, ನಿತ್ಯ ವಿಭೂತಿ ಧರಿಸುವವರು. "ನಮ್ಮ ಮೇಷ್ಟ್ರು ಹೇಳೋದೇ ಸರಿ. ಅನಾದಿ ಅಂತ ನಮ್ಮ ಹಿರೀಕರು ಯಾವತ್ತೋ ಹೇಳಿಬಿಟ್ಟಿದಾರೆ!"

ವಿಜ್ಞಾನಿಗಳು ಮೈಕು ಕಿತ್ತುಕೊಂಡರು. "ಅಧ್ಯಕ್ಷರೇ, ದಯವಿಟ್ಟು ನನ್ನ ಕಡೆ ಬರಬೇಡಿ. ನಿಮ್ಮ ಬೆಂಬಲಕ್ಕಿಂತ ಇವಳ ವಿರೋಧವೇ ವಾಸಿ!"

ಪೆಂಡಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅಧ್ಯಕ್ಷರೇ ನಕ್ಕರು.

ಕಡಲೆಕಾಳು ಉಸಲಿ ಹಂಚುವಾಗ ಅವಳು ಕೇಳಿದಳು: "ಈಗಾದ್ರೂ ಒಪ್ಕೋತೀರಾ ಸಾರ್?"

"ಇಲ್ಲ ಕಣಮ್ಮ. ಆದ್ರೆ ಬಚ್ಚಿಡಲಿಲ್ಲ ತಾನೆ?"

"ಇಲ್ಲ ಸಾರ್."

ಅಷ್ಟು ಸಾಕಾಯಿತು ಅವರಿಗೆ. ಉಸಲಿಗೆ ಎರಡನೇ ಸಲ ದೊನ್ನೆ ಒಡ್ಡಿದರು, ನನ್ನನ್ನೂ ಕರೆದರು. ಅವರ ಬೆರಳುಗಳಲ್ಲಿ ಮೈದಾ ಇನ್ನೂ ಒಣಗಿ ಅಂಟಿಕೊಂಡಿತ್ತು.