ವೈರಿನ ತುದಿಯ ಮುಚ್ಚಳ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬೇರೇನನ್ನೋ ಬರೆದು ಎದ್ದಿದ್ದೇನೆ. ಸಂಕೋಚ ಎಂದುಕೊಳ್ಳುತ್ತಿದ್ದೆ. ಸಂಕೋಚವಲ್ಲ, ಹೆದರಿಕೆ.

ಎಂಬತ್ತರ ದಶಕದ ಕೊನೆಯ ಮಾತು. ಹರಿಹರದ ಒಂದು ಕಾರ್ಖಾನೆಯಲ್ಲಿ ನಾನು ಟ್ರೇಸರ್. ಇಂಜಿನಿಯರುಗಳ ಪೆನ್ಸಿಲ್ ನಕ್ಷೆಗಳನ್ನು ಇಂಕಿನಲ್ಲಿ ಎತ್ತುವ ಕೆಲಸ. ಪಕ್ಕದ ಮೇಜಿಗೆ ಟೆಂಪರರಿಯಾಗಿ ಒಬ್ಬಳು ಬಂದಳು. ದಾವಣಗೆರೆಯಲ್ಲಿ ತಗಡಿನ ಟ್ರಂಕು ಮಾಡುವವರ ಮಗಳು, ನನ್ನಂತೆಯೇ ಎಸ್ಸೆಸ್ಸೆಲ್ಸಿ. ಪೆನ್ನು ಹಿಡಿಯುವುದನ್ನು ನಾನೇ ಕಲಿಸಿದೆ. ವರ್ಷದೊಳಗೆ ಅವಳ ಗೆರೆ ನನ್ನದಕ್ಕಿಂತ ಚೊಕ್ಕವಾಯಿತು.

ಆಮೇಲೆ ಕಂಪ್ಯೂಟರುಗಳು ಬಂದವು. ಒಂದು ನಮ್ಮಲ್ಲಿ, ಇನ್ನೊಂದು ಎರಡು ಶೆಡ್ಡು ಆಚೆ ಅಸೆಂಬ್ಲಿ ಶಾಪಿನಲ್ಲಿ, ನಡುವೆ ಒಂದು ಕರಿ ವೈರು. ಇಲ್ಲಿ ತೆರೆದ ನಕ್ಷೆ ಅಲ್ಲಿಯ ಪರದೆಯ ಮೇಲೆ ಮೂಡಬೇಕು. ಅದನ್ನು ಕಲಿಯಲು ಸಾಹೇಬರು ಅವಳನ್ನು ಆರಿಸಿದರು. ಹದಿನೈದು ವರ್ಷ ಸರ್ವಿಸಿನ ನನ್ನನ್ನಲ್ಲ.

“ಏನ್ರೀ ಮೇಷ್ಟ್ರೇ, ಶಿಷ್ಯೆ ಟಿವಿ ಮುಂದೆ ಕುಂತ್ಳು, ನೀವಿನ್ನೂ ನಿಬ್ಬು ತೊಳೀತಿದೀರಿ?” ಎಂದು ಫೋರ್‌ಮನ್ ನಕ್ಕ. ನಾನೂ ನಕ್ಕೆ.

ಅವಳಿಗೆ ನನ್ನ ಹೊಟ್ಟೆಕಿಚ್ಚು ತಿಳಿಯದು. ಸಂಜೆ ಇಬ್ಬರೂ ದಾವಣಗೆರೆಗೆ ಮರಳುವ ರೈಲಿನಲ್ಲಿ ಕಲಿತದ್ದನ್ನೆಲ್ಲ ಹೇಳುತ್ತಿದ್ದಳು. “ಅಲ್ಲಿನ ಪರದೆ ಮೊದ್ಲು ಒಪ್ಪಬೇಕು ಅಣ್ಣಾರೆ, ಆಮೇಲೆ ಇಲ್ಲಿ ಅದ್ರ ಹೆಸ್ರು ಹೇಳ್ಬೇಕು. ಯಾರ ಮನಿಗಾದ್ರೂ ಸುಮ್ನೆ ನುಗ್ಗಾಕಾಗ್ತೈತಾ? ವೈರಿನ ತುದೀಗೆ ಒಂದು ಮುಚ್ಚಳ ಐತಲ್ಲ, ಅದು ಬಿಚ್ಚಿದ್ರೆ ಮುಗೀತು, ಏನೂ ದಾಟಂಗಿಲ್ಲ.” ಮತ್ತೆ ಮೆಲ್ಲಗೆ, “ದೊಡ್ಡ ಸಾಹೇಬ್ರಿಗೆ ತೋರ್ಸಿದ ಮ್ಯಾಲೆ ಪರ್ಮನೆಂಟ್ ಮಾಡ್ತಾರಂತೆ. ನಮ್ಮ ಅಬ್ಬಾಗೆ ಕಣ್ಣು ಮಂಜು. ತಗಡು ಕತ್ತರಿಸೋದು ಬ್ಯಾಡ ಅಂತೀನಿ ಆಗ.”

ದೊಡ್ಡ ಸಾಹೇಬರು ಬರುವ ಬೆಳಿಗ್ಗೆ ಬ್ಲೂಪ್ರಿಂಟು ಕೊಡುವ ನೆಪದಲ್ಲಿ ಅಸೆಂಬ್ಲಿ ಶಾಪಿಗೆ ಹೋದೆ. ಮುಚ್ಚಳ ತಿರುವಿ ತೆಗೆದು ಜೇಬಿಗೆ ಹಾಕಿಕೊಂಡೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡದು, ಅಷ್ಟೇ.

ಅಲ್ಲಿಯ ಪರದೆಯಲ್ಲಿ ಏನೂ ಮೂಡಲಿಲ್ಲ. ದೊಡ್ಡ ಸಾಹೇಬರು ಗಡಿಯಾರ ನೋಡುತ್ತ ನಿಂತರು. ಅವಳು ಇಲ್ಲಿ ಮತ್ತೆ ಮತ್ತೆ ಟೈಪು ಮಾಡಿ, ಕೊನೆಗೆ ನನ್ನ ಕಡೆ ತಿರುಗಿದಳು. “ಅಣ್ಣಾರೆ, ಒಂದ್ಸಲ ಮುಚ್ಚಳ ನೋಡ್ಕೊಂಡು ಬರ್ರಿ.”

ಹೋದೆ. ನಿಂತೆ. ಬಂದೆ. “ಐತೆ” ಎಂದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅದನ್ನು ಮೊದಲಿನಂತೆ ಹಾಕಿದೆ. ಪಶ್ಚಾತ್ತಾಪದಿಂದಲ್ಲ, ಸಿಕ್ಕಿಬೀಳುವ ಭಯದಿಂದ. ಅದೇ ಅವಳಿಗೆ ಮುಳುವಾಯಿತು. ಯಂತ್ರ ಕೊಟ್ಟವರು ಬಂದು ನೋಡಿದಾಗ ಎಲ್ಲ ಸರಿಯಿತ್ತು. ಹಾಗಾದರೆ ತಪ್ಪು ಅವಳದೇ ಎಂದಾಯಿತು. ತಿಂಗಳ ಕೊನೆಗೆ ಕೆಲಸದಿಂದ ಬಿಡಿಸಿದರು. ಆ ಕುರ್ಚಿ ನನಗೂ ಸಿಗಲಿಲ್ಲ, ಡಿಪ್ಲೊಮಾ ಮಾಡಿದವನೊಬ್ಬ ಬಂದ.

ಕೆಲವು ತಿಂಗಳ ನಂತರ ದಾವಣಗೆರೆಯಲ್ಲಿ ಅವರ ಅಂಗಡಿಯ ಮುಂದೆ ಹಾದೆ. ಹೊಸ ಟ್ರಂಕಿನ ಮೇಲೆ ಬಣ್ಣದಲ್ಲಿ ಹೂಬಳ್ಳಿ ಬರೆಯುತ್ತಿದ್ದಳು. ನಾನು ಕಲಿಸಿದ ಹಾಗೆಯೇ, ಮೊಣಕೈ ಊರಿ, ಉಸಿರು ಹಿಡಿದು.

“ಬರ್ರಿ ಅಣ್ಣಾರೆ, ಕೂಡ್ರಿ. ಚಾ ಕುಡೀರಿ,” ಎಂದಳು. ಕುಡಿದೆ. “ಈಗ್ಲೂ ಯೋಚ್ನೆ ಬರ್ತೈತೆ ಅಣ್ಣಾರೆ. ಅವತ್ತು ನಾನು ಯಾವ ಅಕ್ಷರ ತಪ್ಪಿದೆ ಅಂತ.”

“ಇರ್ಲಿ ಬಿಡವ್ವ, ಹೋಗಿದ್ದು ಹೋತು,” ಎಂದು ಲೋಟ ಇಟ್ಟು ಎದ್ದೆ.

ನಿವೃತ್ತಿಯ ದಿನ ಸಾಹೇಬರಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ದೇವರನ್ನು ದಿನವೂ ಕೇಳುತ್ತೇನೆ. ಕೇಳದೆ ಉಳಿದದ್ದು ಪಕ್ಕದ ಮೇಜಿನ ಆ ಹುಡುಗಿಯನ್ನು, ನನ್ನನ್ನು ಅಣ್ಣ ಎಂದವಳನ್ನು.